ಮೂರು ಮೀಟರ್ ತಂತಿಯ ಅರ್ಥಶಾಸ್ತ್ರ

ಸಣ್ಣ ಸರ್ವರ್ ರ‍್ಯಾಕ್‌ಗೆ ವೇಗದ ನೆಟ್‌ವರ್ಕ್ ಹೊಂದಿಸುವುದು ನನಗೆ ಬಹಳ ಪ್ರೀತಿಯ ಕೆಲಸ. ಕೈಯಲ್ಲಿರುವ ದುಡ್ಡು ಇಷ್ಟೇ ಎಂಬ ಕಟ್ಟು ಬಿದ್ದಾಗಲೇ ಅದರ ರುಚಿ ಹೆಚ್ಚುವುದು. ಖರ್ಚಿಗೆ ಮಿತಿಯಿಲ್ಲದವರು ಕ್ಯಾಟಲಾಗ್ ತೆರೆದು ಎಲ್ಲಕ್ಕಿಂತ ಮೇಲಿರುವುದನ್ನು ತರಿಸಿಬಿಡಬಹುದು. ಅಲ್ಲಿ ತಲೆ ಓಡಿಸುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಮಿತಿಯಿದ್ದವರು ಮಾತ್ರ ಕಾರ್ಡು, ಕೇಬಲ್ಲು, ಸ್ವಿಚ್ಚು, ಕರೆಂಟು, ಶಾಖ, ಸದ್ದು ಎಲ್ಲವನ್ನೂ ಒಂದಕ್ಕೊಂದು ತೂಗಿ ನೋಡಬೇಕಾಗುತ್ತದೆ. ಸಾಮಾನ್ಯವಾಗಿ ಜನ ಸ್ವಿಚ್ಚಿನಿಂದ ಶುರುಮಾಡುತ್ತಾರೆ. ಸ್ವಿಚ್ ಆರಿಸುತ್ತಾರೆ, ಅದಕ್ಕೆ ಒಪ್ಪುವ ಕಾರ್ಡು ಹುಡುಕುತ್ತಾರೆ, ಕೇಬಲ್ಲನ್ನು ಕೊನೆಗೆ ಸಿಕ್ಕಿದ್ದು ತರುತ್ತಾರೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ವಾದ. ಮೊದಲು ಟೇಪು ಹಿಡಿದು ಯಂತ್ರ ಯಂತ್ರಗಳ ನಡುವಿನ ದೂರ ಅಳೆಯಬೇಕು. 12 ಯು ಅಥವಾ 18 ಯು ಎತ್ತರದ ರ‍್ಯಾಕಿನೊಳಗೆ, ತಿರುವು ಬಳಸು ಎಲ್ಲ ಸೇರಿಸಿದರೂ ಆ ದೂರ ಮೂರು ಮೀಟರ್ ದಾಟುವುದು ಕಷ್ಟ. ಈ ಒಂದು ಅಳತೆ ಕೈಗೆ ಸಿಕ್ಕರೆ ಯಾವ ಕೇಬಲ್ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಕೇಬಲ್ಲು ಪೋರ್ಟಿನ ಆಕಾರವನ್ನೂ, ಪೋರ್ಟು ಕಾರ್ಡನ್ನೂ, ಕಾರ್ಡುಗಳ ಸಂಖ್ಯೆ ಸ್ವಿಚ್ಚನ್ನೂ ತೀರ್ಮಾನಿಸುತ್ತವೆ.

ವೇಗ ನಿಜಕ್ಕೂ ಬೇಕೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಂಡು ಮುಂದೆ ಹೋಗುವಂತಿಲ್ಲ. ಕಲ್ಪನೆಗೆ ಒಂದು ಸಣ್ಣ ವಿಡಿಯೊ ಸಂಕಲನ ಕೋಣೆಯನ್ನು ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಇಂಥವು ಗಲ್ಲಿಗಲ್ಲಿಯಲ್ಲಿವೆ. ಒಂದು ಸ್ಟೋರೇಜ್ ಸರ್ವರ್, ಎರಡು ಸಂಕಲನದ ಯಂತ್ರ, ಬ್ಯಾಕಪ್‌ಗೆ ಇನ್ನೊಂದು. 4ಕೆ ದೃಶ್ಯವನ್ನು ಆ್ಯಪಲ್‌ನವರ ಪ್ರೋರೆಸ್ 422 ಎಚ್‌ಕ್ಯೂ ರೂಪದಲ್ಲಿ ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿಸಿದರೆ ಸೆಕೆಂಡಿಗೆ ಸುಮಾರು 707 ಮೆಗಾಬಿಟ್ ಬೇಕು. ಗಿಗಾಬಿಟ್ ಜಾಲದಲ್ಲಿ ಇಂಥದ್ದು ಒಂದು ಓಡುತ್ತದೆ, ಎರಡನೆಯದು ಮುಗ್ಗರಿಸುತ್ತದೆ. ಎರಡು ಕ್ಯಾಮೆರಾದ ದೃಶ್ಯವನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದರೆ ಅಲ್ಲಿಗೇ ಕೆಲಸ ನಿಂತಿತು. ಕಡತ ಸಾಗಿಸುವ ಲೆಕ್ಕವೂ ಇದೇ ಮಾತು ಹೇಳುತ್ತದೆ. ಒಂದು ಟೆರಾಬೈಟ್ ದತ್ತಾಂಶ ಗಿಗಾಬಿಟ್‌ನಲ್ಲಿ ದಾಟಲು ಎರಡು ಗಂಟೆ 20 ನಿಮಿಷಕ್ಕೂ ಹೆಚ್ಚು ಹೊತ್ತು ತಗಲುತ್ತದೆ. 10 ಗಿಗಾಬಿಟ್‌ನಲ್ಲಿ, ಎರಡೂ ಕಡೆಯ ಡಿಸ್ಕುಗಳು ಆ ವೇಗ ಕೊಡುವಂತಿದ್ದರೆ, 14 ನಿಮಿಷದ ಆಸುಪಾಸು. ಇವತ್ತಿನ ಒಂದು ಸಾಮಾನ್ಯ ಹಾರ್ಡ್‌ಡಿಸ್ಕು ಕೂಡ ಸಾಲಾಗಿ ಓದುವಾಗ ಸೆಕೆಂಡಿಗೆ 200 ಮೆಗಾಬೈಟ್ ಕೊಡುತ್ತದೆ, ಗಿಗಾಬಿಟ್ ತಂತಿ ಒಯ್ಯುವುದು 118ನ್ನೂ ಮುಟ್ಟುವುದಿಲ್ಲ. ತಾಮ್ರದ ಮಾಮೂಲಿ ಕೇಬಲ್ಲಿಗೆ ಗಿಗಾಬಿಟ್ ಮಾನದಂಡ ಬಂದದ್ದು 1999ರಲ್ಲಿ. ಡಿಸ್ಕುಗಳು ಅದನ್ನು ಹಿಂದಿಕ್ಕಿ ಎಷ್ಟೋ ಕಾಲವಾಯಿತು.

ಆ 118ರ ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ಅಂಕಗಣಿತ ಅದು. ಈಥರ್ನೆಟ್ ಒಂದು ಚೌಕಟ್ಟಿನಲ್ಲಿ ಸಾಮಾನ್ಯವಾಗಿ 1500 ಬೈಟ್ ಹೊರುತ್ತದೆ. ಆದರೆ ತಂತಿಯ ಮೇಲೆ ಅದು ಹಿಡಿಯುವ ಜಾಗ 1538 ಬೈಟಿನಷ್ಟು: ವಿಳಾಸ ಮತ್ತು ಬಗೆಯ ಗುರುತಿಗೆ 14, ತಪ್ಪು ಹಿಡಿಯುವ ಮೊತ್ತಕ್ಕೆ 4, ಎಚ್ಚರಿಸುವ ಮುನ್ಸೂಚನೆಗೆ 8, ಮುಂದಿನ ಚೌಕಟ್ಟಿಗೂ ಇದಕ್ಕೂ ನಡುವೆ ಬಿಡಬೇಕಾದ ಖಾಲಿ ಜಾಗಕ್ಕೆ 12. ಒಳಗಿನ 1500ರಲ್ಲಿಯೂ ಐಪಿ, ಟಿಸಿಪಿಗಳ ತಲೆಬರಹಕ್ಕೆ 52 ಹೋದರೆ ನಿಜವಾದ ಸರಕು 1448. ಇದನ್ನು 1538ರಿಂದ ಭಾಗಿಸಿದರೆ ಶೇಕಡ 94.1. ಹಾಗಾಗಿಯೇ ಎರಡು ಯಂತ್ರಗಳ ನಡುವೆ ಐಪರ್ಫ್ ಎಂಬ ವೇಗ ಅಳೆಯುವ ತಂತ್ರಾಂಶ ಓಡಿಸಿದಾಗ ಗಿಗಾಬಿಟ್‌ನಲ್ಲಿ 941 ಮೆಗಾಬಿಟ್, 10 ಗಿಗಾಬಿಟ್‌ನಲ್ಲಿ 9.41 ಗಿಗಾಬಿಟ್ ಎಂದು ಪರದೆಯ ಮೇಲೆ ಮೂಡುವುದು. ಈ ಸಂಖ್ಯೆ ಕಂಡರೆ ಜಾಲದಲ್ಲಿ ಒಂದು ಹನಿಯೂ ಸೋರುತ್ತಿಲ್ಲ ಎಂದರ್ಥ. ಚೌಕಟ್ಟನ್ನು 9000 ಬೈಟಿಗೆ ಹಿಗ್ಗಿಸಿದರೆ ಅದೇ ತಂತಿ 9.9 ಕೊಡುತ್ತದೆ. ಕಾಗದದ ಮೇಲೆ ಮಾಡಿದ ಭಾಗಾಕಾರ ದಶಮಾಂಶದ ಎರಡನೇ ಸ್ಥಾನದವರೆಗೆ ನಿಜವಾಗುವುದು ಬದುಕಿನಲ್ಲಿ ಅಪರೂಪ. ಸೆಕೆಂಡ್ ಹ್ಯಾಂಡ್ ಕಾರ್ಡು, ಸಾಧಾರಣ ಕೇಬಲ್ಲು ಹಾಕಿದ ರ‍್ಯಾಕಿನಲ್ಲಿಯೂ ಅದು ನಿಜವಾಗುತ್ತದೆ. ಅಗ್ಗದ ಹಾರ್ಡ್‌ವೇರನ್ನು ಅನುಮಾನಿಸುವವರಿಗೆ ನಾನು ಮೊದಲು ತೋರಿಸುವುದು ಈ ಲೆಕ್ಕವನ್ನೇ.

ಈಗ ಕೇಬಲ್. ಮೂರು ಮೀಟರ್ ಒಳಗಿನ ದೂರಕ್ಕೆ ಎಸ್‌ಎಫ್‌ಪಿ ಪ್ಲಸ್ ಪೋರ್ಟು, ಅದಕ್ಕೆ ಡ್ಯಾಕ್ ಎಂದು ಕರೆಯುವ ತಾಮ್ರದ ಕೇಬಲ್ಲು: ಇದಕ್ಕಿಂತ ಮಿತವ್ಯಯದ ಜೋಡಿ ನನಗೆ ಗೊತ್ತಿಲ್ಲ. ಕೈಯಲ್ಲಿ ಹಿಡಿದರೆ ಅದರ ಸರಳತೆ ತಿಳಿಯುತ್ತದೆ. ಎರಡು ತುದಿಯಲ್ಲಿ ಬೆರಳಷ್ಟುದ್ದದ ಲೋಹದ ಡಬ್ಬಿ, ಡಬ್ಬಿಯೊಳಗೆ 20 ಚಿನ್ನದ ಲೇಪದ ಸಂಪರ್ಕವಿರುವ ಪುಟ್ಟ ಫಲಕ, ಹಿಂದೆ ಎಳೆದು ತೆಗೆಯಲು ಒಂದು ಪಟ್ಟಿ. ಪೋರ್ಟಿಗೆ ತಳ್ಳಿದಾಗ ಟಕ್ ಎಂದು ಕಚ್ಚಿಕೊಳ್ಳುತ್ತದೆ. ನಡುವೆ ಇರುವುದು ಒಂದೊಂದೂ ಪ್ರತ್ಯೇಕ ಕವಚ ಹೊದ್ದ ಎರಡು ಜೋಡಿ ತಂತಿ, ಹೋಗುವುದಕ್ಕೊಂದು ಬರುವುದಕ್ಕೊಂದು. ಸೆಕೆಂಡಿಗೆ 1031.25 ಕೋಟಿ ಮಿಡಿತ ನೇರವಾಗಿ ಈ ತಂತಿಯ ಮೇಲೆ ಹರಿಯುತ್ತದೆ. ಪ್ರತಿ 64 ಬಿಟ್ಟಿಗೆ ಎರಡು ಬಿಟ್ ಗುರುತು ಸೇರುವುದರಿಂದ ಸಾವಿರ ಕೋಟಿಯ ಮೇಲೆ ಆ ಚಿಲ್ಲರೆ. ದೂರ ಚಿಕ್ಕದು, ಕವಚ ಚೆನ್ನಾಗಿದೆ, ಹಾಗಾಗಿ ನಡುವೆ ಬುದ್ಧಿವಂತ ಚಿಪ್ ಏನೂ ಬೇಡ. ಒಂದು ತುದಿ ಬಳಸುವ ಕರೆಂಟು ವ್ಯಾಟಿನ ಹತ್ತನೇ ಒಂದು ಭಾಗದಷ್ಟು. ಮಾಮೂಲಿ ಆರ್‌ಜೆ 45 ತುದಿಯ ಕೇಬಲ್ಲಿನಲ್ಲಿ ಇದೇ 10 ಗಿಗಾಬಿಟ್ ಕಳಿಸಬೇಕೆಂದರೆ ನಾಲ್ಕು ಜೋಡಿ ತಂತಿಗಳ ಮೇಲೆ ಎರಡೂ ದಿಕ್ಕಿನ ಸಂಕೇತ ಒಟ್ಟಿಗೆ ಹರಿಯುತ್ತದೆ, ತನ್ನದೇ ಪ್ರತಿಧ್ವನಿಯನ್ನು ಕಳೆದು ಎದುರಿನ ದನಿ ಕೇಳಿಸಿಕೊಳ್ಳಬೇಕಾಗುತ್ತದೆ, ಹದಿನಾರು ಮಟ್ಟದ ವೋಲ್ಟೇಜನ್ನು ಗುರುತಿಸಬೇಕಾಗುತ್ತದೆ, ಮೇಲೆ ತಪ್ಪು ತಿದ್ದುವ ಭಾರಿ ಗಣಿತ ಬೇರೆ. ನೂರು ಮೀಟರ್ ದೂರಕ್ಕೆಂದು ಹೆಣೆದ ಈ ಸಾಹಸ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಮೂರು ಮೀಟರಿಗೂ ಅದೇ ಸಾಹಸದ ಬೆಲೆ ತೆರಬೇಕು: ಒಂದು ತುದಿಗೆ ಎರಡು ಮೂರು ವ್ಯಾಟ್ ಶಾಖ, ಹಾದಿಯಲ್ಲಿ ಎರಡು ಮೈಕ್ರೊಸೆಕೆಂಡಿನಷ್ಟು ತಡ.

ಇತಿಹಾಸದಲ್ಲೂ ಒಂದು ಚೆಂದ ಇದೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್ಕಾಫ್ ಮತ್ತು ಜೊತೆಗಾರರು ಈಥರ್ನೆಟ್ಟನ್ನು ರೂಪಿಸಿದಾಗ ಅದು ಓಡಿದ್ದು ಕವಚ ಹೊದ್ದ ತಾಮ್ರದ ಕೊಯಾಕ್ಸ್ ಕೇಬಲ್ಲಿನ ಮೇಲೆ. ಆಮೇಲೆ ಹೆಣೆದ ಜೋಡಿ ತಂತಿ ಬಂತು, ಗಾಜಿನ ಎಳೆ ಬಂತು. ರ‍್ಯಾಕಿನೊಳಗಿನ ಗಿಡ್ಡ ದೂರಕ್ಕೆ ಮಾತ್ರ ಕವಚದ ತಾಮ್ರ ಮತ್ತೆ ಗೆದ್ದಿತು.

ಎಸ್‌ಎಫ್‌ಪಿ ಪ್ಲಸ್ ಅಗ್ಗವಾದದ್ದಕ್ಕೆ ಕಾರಣ ತಿಳಿದುಕೊಂಡರೆ ಈ ಅಗ್ಗ ನಾಳೆ ಕರಗಿಹೋಗುವಂಥದ್ದಲ್ಲ ಎಂಬ ಧೈರ್ಯ ಬರುತ್ತದೆ. 10 ಗಿಗಾಬಿಟ್ ಈಥರ್ನೆಟ್‌ನ ಮೊದಲ ಮಾನದಂಡ ಬಂದದ್ದು 2002ರಲ್ಲಿ. ಆಗ ಅದು ದೊಡ್ಡ ಸಂಸ್ಥೆಗಳ ಬೆನ್ನೆಲುಬಿಗೆ ಮಾತ್ರ ಎಟುಕುವ ಬೆಲೆಯದು. ಕ್ರಮೇಣ ದತ್ತಾಂಶ ಕೇಂದ್ರಗಳ ಪ್ರತಿ ಸರ್ವರಿಗೂ 10 ಗಿಗಾಬಿಟ್ ಕಾರ್ಡು ಬಂತು. 2014ರಲ್ಲಿ ಗೂಗಲ್, ಮೈಕ್ರೋಸಾಫ್ಟ್, ಅರಿಸ್ಟಾ, ಬ್ರಾಡ್‌ಕಾಮ್, ಮೆಲನಾಕ್ಸ್ ಸೇರಿ 25 ಗಿಗಾಬಿಟ್‌ನ ಕೂಟ ಕಟ್ಟಿಕೊಂಡವು. 2016ರಲ್ಲಿ ಅದು ಮಾನದಂಡವೂ ಆಯಿತು. ದೊಡ್ಡವರು 25ಕ್ಕೆ, 100ಕ್ಕೆ ಹೊರಟಂತೆ ಕಳಚಿದ 10 ಗಿಗಾಬಿಟ್ ಕಾರ್ಡುಗಳು ರಾಶಿರಾಶಿಯಾಗಿ ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ಅಮೆರಿಕದ ಪೇಟೆಯಲ್ಲಿ ಮೂವತ್ತು ನಲವತ್ತು ಡಾಲರಿನ ಆಸುಪಾಸಿಗೆ ಇಂಥ ಕಾರ್ಡು ಸಿಗುತ್ತದೆ. ಇಲ್ಲಿಗೆ ಬರುವಾಗ ಸಾಗಣೆ, ಸುಂಕ, ವ್ಯಾಪಾರಿಯ ಲಾಭ ಸೇರಿ ಕೆಲವು ಸಾವಿರ ರೂಪಾಯಿ ಆಗುತ್ತದೆ. ಈ ಕಾರ್ಡುಗಳು ಹಾಳಾಗಿ ಹೊರಬಿದ್ದವಲ್ಲ, ಸರ್ವರಿನ ಬದಲಾವಣೆಯ ಸುತ್ತು ಬಂದದ್ದರಿಂದ ಹೊರಬಿದ್ದವು. ಹೊತ್ತಿಗೆ ಸರಿಯಾಗಿ ತಂಪು ಗಾಳಿ ಹೊಡೆಸಿಕೊಂಡು, ಶುದ್ಧ ಕರೆಂಟು ಕುಡಿದು ಕೆಲಸ ಮಾಡಿದವು. ಚಲಿಸುವ ಭಾಗ ಒಂದೂ ಇಲ್ಲ. ಸೆಕೆಂಡ್ ಹ್ಯಾಂಡ್ ಹಾರ್ಡ್‌ಡಿಸ್ಕನ್ನು ನಾನು ಯಾರಿಗೂ ಸೂಚಿಸಲಾರೆ, ಸೆಕೆಂಡ್ ಹ್ಯಾಂಡ್ ನೆಟ್‌ವರ್ಕ್ ಕಾರ್ಡನ್ನು ಯಾವ ಅಳುಕೂ ಇಲ್ಲದೆ ಸೂಚಿಸುತ್ತೇನೆ.

ಯಾವ ಕಾರ್ಡು ಎಂಬುದಕ್ಕೆ ಎರಡು ಹೆಸರು ಸಾಕು: ಇಂಟೆಲ್ ಎಕ್ಸ್ 520, ಮೆಲನಾಕ್ಸ್ ಕನೆಕ್ಟ್‌ಎಕ್ಸ್ 3. ಎರಡಕ್ಕೂ ಲಿನಕ್ಸ್ ಕರ್ನಲ್ಲಿನಲ್ಲೇ ಡ್ರೈವರ್ ಇದೆ. ದೊಡ್ಡ ಸರ್ವರ್ ಕಂಪನಿಗಳು ತಮ್ಮ ಹೆಸರು ಅಂಟಿಸಿ ಮಾರಿದ ಇವೇ ಕಾರ್ಡುಗಳು ಇನ್ನೂ ಕಡಿಮೆಗೆ ಸಿಗುವುದುಂಟು, ಚಿಪ್ ಒಂದೇ. ಆದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ತೀರಾ ಅಗ್ಗದ ಬೆಲೆ ಕಂಡರೆ ಕಾರ್ಡಿನ ಕೆಳ ಅಂಚನ್ನು ನೋಡಬೇಕು. ಎಚ್‌ಪಿಯ ಫ್ಲೆಕ್ಸಿಬಲ್ ಲಾಮ್, ಡೆಲ್‌ನ ಡಾಟರ್ ಕಾರ್ಡು, ಓಸಿಪಿ ಮೆಜನೀನ್ ಇವುಗಳ ಸಂಪರ್ಕದ ಅಂಚು ಬೇರೆ ಆಕಾರದ್ದು, ಆಯಾ ಸರ್ವರಿಗೆ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಹಿಂಬದಿಯ ಲೋಹದ ಪಟ್ಟಿ ಗಿಡ್ಡದೋ ಉದ್ದದ್ದೋ ಎಂಬುದೂ ಮುಖ್ಯ. 2 ಯು ಪೆಟ್ಟಿಗೆಗೆ ಗಿಡ್ಡದು, ಗೋಪುರದಂಥ ಪೆಟ್ಟಿಗೆಗೆ ಉದ್ದದ್ದು. ಇಂಟೆಲ್ ಹೆಸರಿನ ನಕಲಿ ಕಾರ್ಡುಗಳೂ ಪೇಟೆಯಲ್ಲಿವೆ. ಆ ದೃಷ್ಟಿಯಿಂದ ಹಳೆಯ ಸರ್ವರಿನಿಂದ ಕಳಚಿದ, ಅಂಚಿನ ಚಿನ್ನದ ಗೆರೆಗಳ ಮೇಲೆ ಒಮ್ಮೆ ತುರುಕಿದ ಗೀರು ಕಾಣುವ ಕಾರ್ಡು ಅನುಮಾನಾಸ್ಪದವಾಗಿ ಹೊಚ್ಚ ಹೊಸದಾಗಿರುವ ಕಾರ್ಡಿಗಿಂತ ನಂಬಿಕೆಗೆ ಅರ್ಹ.

ಕಾರ್ಡು ಕೂರುವ ಸ್ಲಾಟಿನ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಡೆಸ್ಕ್‌ಟಾಪ್ ಮದರ್‌ಬೋರ್ಡಿನ ಎರಡನೇ ಉದ್ದನೆಯ ಸ್ಲಾಟು ನೋಡಲು ಹದಿನಾರು ಹಾದಿಯದಾದರೂ ಒಳಗೆ ಹಲವು ಸಲ ನಾಲ್ಕೇ ಹಾದಿಗೆ ತಂತಿ ಎಳೆದಿರುತ್ತಾರೆ. ಎಕ್ಸ್ 520 ಪಿಸಿಐಇ ಎರಡನೇ ತಲೆಮಾರಿನದು, ಹಾದಿಯೊಂದಕ್ಕೆ ಸೆಕೆಂಡಿಗೆ 500 ಮೆಗಾಬೈಟ್. ನಾಲ್ಕು ಹಾದಿಯಲ್ಲಿ ಎರಡು ಗಿಗಾಬೈಟ್. ಒಂದು ಪೋರ್ಟು ಪೂರ್ತಿ ಓಡಲು 1.25 ಗಿಗಾಬೈಟ್ ಸಾಕಾದ್ದರಿಂದ ಒಂದಕ್ಕೆ ಅಡ್ಡಿಯಿಲ್ಲ, ಎರಡನ್ನೂ ಒಟ್ಟಿಗೆ ತುಂಬಿಸಲಾಗದು. ಕನೆಕ್ಟ್‌ಎಕ್ಸ್ 3 ಮೂರನೇ ತಲೆಮಾರಿನದು, ಅದೇ ಸ್ಲಾಟಿನಲ್ಲಿ ಸುಮಾರು 3.9 ಗಿಗಾಬೈಟ್ ಸಿಗುವುದರಿಂದ ಎರಡೂ ಪೋರ್ಟು ನಿರಾಳ. ಇವೆರಡರ ನಡುವೆ ಒಂದನ್ನು ಆರಿಸಲು ನನಗೆ ಈ ಒಂದು ಭೇದವೇ ಸಾಕು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಹಳೆಯ ಕಾರ್ಡುಗಳು ಸರ್ವರಿನ ಬಿರುಗಾಳಿಯಂಥ ಫ್ಯಾನುಗಳ ಮುಂದೆ ಕೂರಲೆಂದು ಮಾಡಿದವು, ಸದ್ದಿಲ್ಲದ ಪೆಟ್ಟಿಗೆಯಲ್ಲಿಟ್ಟರೆ ಶಾಖಫಲಕದ ಎದುರು ಒಂದು ಚಿಕ್ಕ ಫ್ಯಾನು ಬೇಕು. ಮತ್ತೆ, ಇವು ಪಿಸಿಐಇಯ ವಿದ್ಯುತ್ ಉಳಿತಾಯದ ಸ್ಥಿತಿಗೆ ಹೋಗಲು ಒಪ್ಪದೆ ಪ್ರೊಸೆಸರನ್ನೂ ಆಳವಾದ ನಿದ್ರೆಗೆ ಬಿಡದಿರುವುದು ಸಾಮಾನ್ಯ. ಆಗ ಕಾರ್ಡಿನ ಸ್ವಂತ ವ್ಯಾಟಿಗಿಂತ ಅದು ಎಚ್ಚರವಿಟ್ಟ ಯಂತ್ರದ ವ್ಯಾಟು ಹೆಚ್ಚಾಗುತ್ತದೆ. ಹಗಲಿರುಳು ಕೆಲಸವಿರುವ ಸರ್ವರಿಗೆ ಇದು ಲೆಕ್ಕಕ್ಕಿಲ್ಲ. ದಿನವೆಲ್ಲ ಸುಮ್ಮನೆ ಕೂತಿರುವ ಯಂತ್ರಕ್ಕಾದರೆ ಸ್ವಲ್ಪ ಹೆಚ್ಚು ಕೊಟ್ಟು ಇಂಟೆಲ್ ಎಕ್ಸ್ 710 ಹುಡುಕುವುದು ಜಾಣತನ.

ಕೇಬಲ್ಲಿನ ಡಬ್ಬಿಯೊಳಗೆ ಒಂದು ಪುಟಾಣಿ ನೆನಪಿನ ಚಿಪ್ ಇರುತ್ತದೆ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಉದ್ದ ಎಲ್ಲ ಅದರಲ್ಲಿ ಬರೆದಿರುತ್ತದೆ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಎಂಬ ಆಜ್ಞೆ ಕೊಟ್ಟರೆ ಈ ಬರಹ ಸಾಲು ಸಾಲಾಗಿ ಪರದೆಗೆ ಬರುತ್ತದೆ. ಫೈಬರ್ ಮಾಡ್ಯೂಲ್ ಆಗಿದ್ದು ಅದಕ್ಕೆ ಆ ಸೌಲಭ್ಯವಿದ್ದರೆ ಒಳಗಿನ ಉಷ್ಣಾಂಶ, ಹೊರಡುವ ಬೆಳಕು, ಬಂದು ಮುಟ್ಟಿದ ಬೆಳಕು ಇವುಗಳ ಅಳತೆಯೂ ಬರುತ್ತದೆ. ಬೆರಳ ತುದಿಯಷ್ಟು ಲೋಹದ ತುಂಡು ತನ್ನ ಜಾತಕ ತಾನೇ ಓದಿ ಹೇಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಈ ಬರಹವೇ ವ್ಯಾಪಾರದ ಬೇಲಿಯೂ ಹೌದು. ಕೆಲವು ಕಂಪನಿಗಳ ಸ್ವಿಚ್ಚುಗಳು ತಮ್ಮ ಹೆಸರಿಲ್ಲದ ಮಾಡ್ಯೂಲನ್ನು ಒಪ್ಪುವುದಿಲ್ಲ. ಇಂಟೆಲ್ ಎಕ್ಸ್ 520 ಕೂಡ ಬೇರೆಯವರ ಫೈಬರ್ ಮಾಡ್ಯೂಲನ್ನು ತಳ್ಳಿಹಾಕುತ್ತದೆ, ಲಿನಕ್ಸ್ ಡ್ರೈವರಿಗೆ ಒಂದು ಸಾಲಿನ ಆಯ್ಕೆ ಕೊಟ್ಟರೆ ಸುಮ್ಮನಾಗುತ್ತದೆ. ಮೆಲನಾಕ್ಸ್ ಕಾರ್ಡಿಗೆ ಈ ಮಡಿ ಕಡಿಮೆ. ಕೇಬಲ್ ಮಾರುವವರು ಒಂದೊಂದು ತುದಿಗೆ ಒಂದೊಂದು ಕಂಪನಿಯ ಗುರುತು ಬರೆದುಕೊಡುತ್ತಾರೆ, ಕೊಳ್ಳುವಾಗಲೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಸ್ವಿಚ್ಚು ಬೇಕೋ ಬೇಡವೋ ಎಂಬುದು ಯಂತ್ರಗಳ ಸಂಖ್ಯೆ ನೋಡಿ ಹೇಳುವ ಮಾತು. ಎರಡು ಯಂತ್ರಕ್ಕೆ ನಡುವೆ ಒಂದು ಕೇಬಲ್ ಸಾಕು. ಮೂರು ಯಂತ್ರಕ್ಕೆ, ಪ್ರತಿಯೊಂದರಲ್ಲೂ ಎರಡು ಪೋರ್ಟಿನ ಕಾರ್ಡಿದ್ದರೆ, ತ್ರಿಕೋನದಂತೆ ಮೂರು ಕೇಬಲ್ ಎಳೆದು ಸ್ವಿಚ್ಚಿನ ಖರ್ಚನ್ನೇ ಕಳೆಯಬಹುದು. ಪ್ರಾಕ್ಸ್‌ಮಾಕ್ಸ್ ಎಂಬ ವರ್ಚುವಲೈಸೇಶನ್ ತಂತ್ರಾಂಶ ಬಳಸುವವರಲ್ಲಿ ಈ ವಿಧಾನ ಚೆನ್ನಾಗಿ ಬಳಕೆಯಲ್ಲಿದೆ. ನಾಲ್ಕಕ್ಕೆ ಹೋದರೆ ಆರು ಕೇಬಲ್, ಪ್ರತಿ ಯಂತ್ರಕ್ಕೆ ಮೂರು ಪೋರ್ಟು ಬೇಕಾಗುತ್ತದೆ, ಅಲ್ಲಿಗೆ ಸ್ವಿಚ್ಚೇ ಅಗ್ಗ. ಲಾಟ್ವಿಯಾ ದೇಶದ ಮೈಕ್ರೊಟಿಕ್ ಕಂಪನಿಯ ಸಿಆರ್‌ಎಸ್ 305 ಎಂಬ ಪುಟ್ಟ ಸ್ವಿಚ್ಚಿನಲ್ಲಿ ನಾಲ್ಕು ಎಸ್‌ಎಫ್‌ಪಿ ಪ್ಲಸ್ ಪೋರ್ಟು, ಒಂದು ಗಿಗಾಬಿಟ್ ಪೋರ್ಟು ಇವೆ. ಫ್ಯಾನಿಲ್ಲ. ಕಂಪನಿ ಸೂಚಿಸಿದ್ದ ಬೆಲೆ 149 ಡಾಲರ್. ಒಂದಕ್ಕೊಂದು ಬದಲಿಯಾಗಿ ಎರಡು ಅಡಾಪ್ಟರಿನಿಂದ ಕರೆಂಟು ತೆಗೆದುಕೊಳ್ಳುವ ಅನುಕೂಲವೂ ಇದೆ: ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ನೇರ ಗೋಡೆಗೆ ಚುಚ್ಚಬಹುದು. ಎಂಟು ಪೋರ್ಟು ಬೇಕಿದ್ದವರಿಗೆ ಇದರ ಅಣ್ಣ ಸಿಆರ್‌ಎಸ್ 309 ಇದೆ, ಅದಕ್ಕೂ ಫ್ಯಾನಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಹೆಚ್ಚು ಕಡಿಮೆ ಅದೇ ದುಡ್ಡಿಗೆ ದತ್ತಾಂಶ ಕೇಂದ್ರದಿಂದ ಹೊರಬಿದ್ದ 24 ಅಥವಾ 48 ಪೋರ್ಟಿನ ದೊಡ್ಡ ಸ್ವಿಚ್ಚು ಸಿಗುವಾಗ ನಾಲ್ಕು ಪೋರ್ಟಿನ ಡಬ್ಬಿ ಯಾಕೆ? ಕಾರ್ಡಿನ ವಿಷಯದಲ್ಲಿ ಸೆಕೆಂಡ್ ಹ್ಯಾಂಡನ್ನು ಹೊಗಳಿ ಸ್ವಿಚ್ಚಿನ ವಿಷಯದಲ್ಲಿ ಬೇಡ ಎನ್ನುವುದು ಯಾವ ನ್ಯಾಯ? ನ್ಯಾಯ ವ್ಯಾಟಿನದು. ಅಂಥ ಹಳೆಯ ಸ್ವಿಚ್ಚು ಖಾಲಿ ಕೂತಾಗಲೂ ಸುಮಾರು 120 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,051 ಯೂನಿಟ್ ಆಯಿತು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 7,358 ರೂಪಾಯಿ. 15 ವ್ಯಾಟಿನ ಚಿಕ್ಕ ಸ್ವಿಚ್ಚಿಗೆ ವರ್ಷಕ್ಕೆ 131 ಯೂನಿಟ್, ಸುಮಾರು 920 ರೂಪಾಯಿ. ಮೂರು ವರ್ಷಕ್ಕೆ ವ್ಯತ್ಯಾಸ 19,000 ರೂಪಾಯಿ ದಾಟುತ್ತದೆ. ಕೊಂಡ ಬೆಲೆಯನ್ನು ಕರೆಂಟು ಬಿಲ್ಲು ನುಂಗಿಹಾಕಿತು. ಇಷ್ಟೇ ಅಲ್ಲ. ಆ 120 ವ್ಯಾಟೂ ಶಾಖವಾಗಿ ಕೋಣೆಗೆ ಸೇರುತ್ತದೆ, ಕರೆಂಟು ಹೋದಾಗ ಯುಪಿಎಸ್ಸಿನ ಬ್ಯಾಟರಿಯನ್ನು ಅದೇ ಖಾಲಿ ಮಾಡುತ್ತದೆ, ಬೆರಳಗಲದ ಫ್ಯಾನುಗಳ ಕಿರುಚಾಟದಲ್ಲಿ ಪಕ್ಕದಲ್ಲಿ ಕೂತು ಕೆಲಸ ಮಾಡುವುದು ಅಸಾಧ್ಯ. ಕೆಲವು ಮಾದರಿಗಳಲ್ಲಿ 10 ಗಿಗಾಬಿಟ್ ಪೋರ್ಟು ತೆರೆಯಲು ಬೇರೆ ಪರವಾನಗಿಯೂ ಬೇಕು, ತಯಾರಕರಿಂದ ಭದ್ರತಾ ಪರಿಷ್ಕರಣೆ ನಿಂತುಹೋಗಿರುತ್ತದೆ. ಕಾರ್ಡು ಕೆಲವೇ ವ್ಯಾಟಿನ ಸಾಧು ಪ್ರಾಣಿ, ದೊಡ್ಡ ಸ್ವಿಚ್ಚು ಬಿಳಿಯಾನೆ. ಇಪ್ಪತ್ತು ಯಂತ್ರವಿದ್ದರೆ ನನ್ನ ತೀರ್ಪು ಬೇರೆಯಾಗುತ್ತಿತ್ತು. ಸಣ್ಣ ರ‍್ಯಾಕಿನಲ್ಲಿ ಇಪ್ಪತ್ತು ಇರುವುದಿಲ್ಲ.

ಎರಡನೇ ಆಕ್ಷೇಪ ಆರ್‌ಜೆ 45 ಪ್ರಿಯರದು. ಗೋಡೆಯೊಳಗೆ ಆಗಲೇ ಕ್ಯಾಟ್ 6 ಎಳೆದಿದೆ, ಅದನ್ನೇ ಬಳಸಿದರೆ ಹೊಸ ಕೇಬಲ್ಲಿನ ಖರ್ಚು ಉಳಿಯುವುದಲ್ಲವೇ ಎಂದು ಅವರು ಕೇಳುತ್ತಾರೆ. ರ‍್ಯಾಕಿನಿಂದ ಆಚೆಯ ಒಂದು ಮೇಜಿಗೆ ಮಾತ್ರವಾದರೆ ಈ ಮಾತನ್ನು ಒಪ್ಪುತ್ತೇನೆ: ಚೆನ್ನಾಗಿ ಎಳೆದ ಕ್ಯಾಟ್ 6ರಲ್ಲಿ 10 ಗಿಗಾಬಿಟ್ ಹೆಚ್ಚೆಂದರೆ 55 ಮೀಟರ್ ಓಡುತ್ತದೆ, ಕ್ಯಾಟ್ 6ಎಯಲ್ಲಿ ನೂರು. ಎಸ್‌ಎಫ್‌ಪಿ ಪ್ಲಸ್ ಪೋರ್ಟಿಗೆ ಆರ್‌ಜೆ 45 ಮಾಡ್ಯೂಲು ಸಿಗುತ್ತದೆ, ಒಂದೆರಡು ಹಾಕಿಕೊಳ್ಳಬಹುದು. ಆದರೆ ಅವು ಕೈ ಸುಡುವಷ್ಟು ಕಾಯುತ್ತವೆ. ಫ್ಯಾನಿಲ್ಲದ ಸ್ವಿಚ್ಚಿನಲ್ಲಿ ಒಂದು ಪೋರ್ಟು ಬಿಟ್ಟು ಒಂದಕ್ಕೆ ಹಾಕಿ ಎಂದು ಮೈಕ್ರೊಟಿಕ್ ತಾನೇ ಸೂಚಿಸುತ್ತದೆ. ಅಂದರೆ ನಾಲ್ಕು ಪೋರ್ಟಿನ ಸ್ವಿಚ್ಚು ಎರಡು ಪೋರ್ಟಿನದಾಯಿತು. ಹೊಸದಾಗಿ ಎಳೆಯುವುದೇ ಆದರೆ ಮೂರು ಮೀಟರ್ ದಾಟಿದ ಕಡೆಗೆಲ್ಲ ನನ್ನ ಒಲವು ಫೈಬರ್. ಅದರಲ್ಲೂ ಸಿಂಗಲ್ ಮೋಡ್. ಮನೆಮನೆಗೆ ಇಂಟರ್‌ನೆಟ್ ತರುವವರು ಬಳಸುವುದು ಇದನ್ನೇ ಆದ್ದರಿಂದ ತಾಲ್ಲೂಕು ಪಟ್ಟಣದಲ್ಲೂ ಅದನ್ನು ಬೆಸೆಯಬಲ್ಲ ಹುಡುಗರು ಸಿಗುತ್ತಾರೆ. ಅವರ ಹಸಿರು ತುದಿಯ ಕನೆಕ್ಟರನ್ನು ಮಾತ್ರ ನೀಲಿ ತುದಿಗೆ ಜೋಡಿಸಬಾರದು, ಹಸಿರಿನದು ಓರೆಯಾಗಿ ಉಜ್ಜಿದ ಮುಖ, ಎರಡೂ ಕೂಡುವುದಿಲ್ಲ. ಹತ್ತು ಕಿಲೋಮೀಟರಿನ ಎಲ್‌ಆರ್ ಮಾಡ್ಯೂಲನ್ನು ಹತ್ತು ಮೀಟರಿಗೆ ಹಾಕಿದರೆ ಬೆಳಕು ಹೆಚ್ಚಾಗಿ ಕೆಡುತ್ತದೆಂಬ ಭಯವೂ ಬೇಡ. ಅದು ಕಳಿಸಬಹುದಾದ ಗರಿಷ್ಠ ಬೆಳಕೂ ಅದು ತಾಳಿಕೊಳ್ಳಬೇಕಾದ ಗರಿಷ್ಠ ಬೆಳಕೂ ಮಾನದಂಡದಲ್ಲಿ ಒಂದೇ. ಮಲೆನಾಡಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆಯುವುದಾದರೆ ಫೈಬರ್ ಬಿಟ್ಟು ಬೇರೆ ಮಾತೇ ಇಲ್ಲ. ಮುಂಗಾರು ಪೂರ್ವದ ಸಿಡಿಲಿಗೆ ತಾಮ್ರದ ತಂತಿ ಹಾದಿಯಾಗುತ್ತದೆ, ಲೋಹವಿಲ್ಲದ ಗಾಜಿನ ಎಳೆ ಆಗುವುದಿಲ್ಲ.

2.5 ಗಿಗಾಬಿಟ್ ಸಾಕಲ್ಲವೇ ಎಂಬುದು ಎಲ್ಲಕ್ಕಿಂತ ವಿವೇಕದ ಆಕ್ಷೇಪ. 2016ರಲ್ಲಿ ಬಂದ ಈ ಮಾನದಂಡ ಹಳೆಯ ಕ್ಯಾಟ್ 5ಇ ತಂತಿಯಲ್ಲೇ ಓಡುತ್ತದೆ, ಈಗಿನ ಮದರ್‌ಬೋರ್ಡುಗಳಲ್ಲಿ ಪುಕ್ಕಟೆಯಾಗಿ ಬರುತ್ತದೆ, ಸ್ವಿಚ್ಚೂ ಅಗ್ಗವಾಗಿದೆ. ಒಂದೇ ಹಾರ್ಡ್‌ಡಿಸ್ಕಿನ ಬ್ಯಾಕಪ್ ಪೆಟ್ಟಿಗೆಗೆ, ಒಬ್ಬರೇ ಬಳಸುವ ಜಾಲಕ್ಕೆ ಅದೇ ಸರಿ. ಅಲ್ಲಿ 10 ಗಿಗಾಬಿಟ್ ಹಾಕುವುದು ದುಂದು. ಆದರೆ ಸಂಕಲನ ಕೋಣೆಯ ಲೆಕ್ಕಕ್ಕೆ ಹಿಂತಿರುಗಿದರೆ, 2.5ರ ತಂತಿ ಮೂರು ಪ್ರೋರೆಸ್ ಹರಿವಿಗೇ ತುಂಬಿಹೋಗುತ್ತದೆ, 10ರಲ್ಲಿ ಹದಿಮೂರಕ್ಕೆ ಜಾಗ ಇದೆ. ಆರು ಹಾರ್ಡ್‌ಡಿಸ್ಕಿನ ಸ್ಟೋರೇಜು ಒಟ್ಟಾಗಿ ಓದಿದರೆ 2.5ರ ತಂತಿ ಅದರ ಕಾಲು ಭಾಗ ಮುಟ್ಟಿಸುವುದೂ ಕಷ್ಟ. ಸೆಕೆಂಡ್ ಹ್ಯಾಂಡ್ 10 ಗಿಗಾಬಿಟ್ ಕಾರ್ಡಿಗೂ ಹೊಸ 2.5 ಕಾರ್ಡಿಗೂ ಇರುವ ಅಂತರ ಕೆಲವು ಸಾವಿರ ಮಾತ್ರ, ವೇಗ ನಾಲ್ಕು ಪಟ್ಟು. ಎಂಟು 2.5 ಪೋರ್ಟಿನ ಜೊತೆಗೆ ಒಂದೋ ಎರಡೋ ಎಸ್‌ಎಫ್‌ಪಿ ಪ್ಲಸ್ ಇರುವ ಚಿಕ್ಕ ಸ್ವಿಚ್ಚುಗಳು ಈಗ ಬಂದಿವೆ. ರ‍್ಯಾಕಿನೊಳಗೆ 10, ಮೇಜುಗಳಿಗೆ 2.5 ಎಂದು ಹಂಚಿಕೊಂಡರೆ ಇಬ್ಬರ ವಾದವೂ ಒಂದೇ ಕೋಣೆಯಲ್ಲಿ ಹಿಡಿಸುತ್ತದೆ. ನಾಲ್ಕು ಗಿಗಾಬಿಟ್ ತಂತಿಗಳನ್ನು ಕಟ್ಟಿ ಒಂದಾಗಿಸುತ್ತೇವೆ ಎನ್ನುವವರನ್ನು ಮಾತ್ರ ನಾನು ಒಪ್ಪಲಾರೆ: ಒಂದು ಸಂಪರ್ಕದ ಹರಿವು ಸಾಮಾನ್ಯವಾಗಿ ಒಂದೇ ತಂತಿ ಹಿಡಿದು ಹೋಗುತ್ತದೆ, ದೊಡ್ಡ ಕಡತ ಒಂದು ಗಿಗಾಬಿಟ್ಟಿಗೇ ನಿಲ್ಲುತ್ತದೆ.

ಡ್ರೈವರ್ ಕೈಬಿಡುವ ಅಪಾಯದ ಬಗ್ಗೆ ಹೇಳುವವರ ಮಾತಿನಲ್ಲಿ ಹುರುಳಿದೆ. 2022ರಲ್ಲಿ ಬಂದ, ವರ್ಚುವಲ್ ಯಂತ್ರಗಳನ್ನು ನಡೆಸುವ ವಿಎಂವೇರ್ ಇಎಸ್‌ಎಕ್ಸ್‌ಐ 8 ಕನೆಕ್ಟ್‌ಎಕ್ಸ್ 3ನ್ನು ಕೈಬಿಟ್ಟಿತು. ಆ ತಂತ್ರಾಂಶವನ್ನೇ ನಂಬಿದ ರ‍್ಯಾಕಿಗೆ ಈ ಕಾರ್ಡು ತರಬಾರದು. ಲಿನಕ್ಸ್ ಮೇಲೆ ನಡೆಯುವ ರ‍್ಯಾಕಿನಲ್ಲಿ ಚಿತ್ರ ಬೇರೆ: ಡ್ರೈವರ್ ಕರ್ನಲ್ಲಿನೊಂದಿಗೇ ಸಾಗಿ ಬರುತ್ತಿದೆ, ಇಷ್ಟು ಜನ ಬಳಸುವ ಕಾರ್ಡನ್ನು ದಿಢೀರನೆ ಕಿತ್ತೆಸೆಯುವ ಪದ್ಧತಿ ಅಲ್ಲಿಲ್ಲ. ಕೊಳ್ಳುವ ಮುಂಚೆ ಕಾರ್ಡಿನ ವಯಸ್ಸಿಗಿಂತ ತನ್ನ ಆಪರೇಟಿಂಗ್ ಸಿಸ್ಟಮ್ಮಿನ ಬೆಂಬಲದ ಪಟ್ಟಿ ನೋಡುವುದು ಮುಖ್ಯ.

ಸೆಕೆಂಡ್ ಹ್ಯಾಂಡಿನಲ್ಲಿ 40 ಗಿಗಾಬಿಟ್ ಕಾರ್ಡೂ ಅಷ್ಟೇ ಅಗ್ಗ, ಹಾಗಿರುವಾಗ 10ಕ್ಕೇ ಯಾಕೆ ನಿಲ್ಲಬೇಕು ಎಂಬ ಆಸೆಯ ಪ್ರಶ್ನೆ ಉಳಿಯಿತು. 40 ಎಂದರೆ ಒಂದು ದಪ್ಪ ಪ್ಲಗ್ಗಿನೊಳಗೆ 10ರ ನಾಲ್ಕು ಹಾದಿ. ಎರಡೇ ಯಂತ್ರದ ನಡುವೆ ನೇರ ಎಳೆಯುವುದಾದರೆ ಸೊಗಸಾಗಿದೆ, ನಾನೇ ಪ್ರೋತ್ಸಾಹಿಸುತ್ತೇನೆ. ಸ್ವಿಚ್ಚು ಬೇಕಾದ ಕೂಡಲೇ ಅಗ್ಗದ ದಾರಿಯಲ್ಲಿ ಸಿಗುವುದು ಮತ್ತೆ ಆ ಸದ್ದಿನ ಬಿಳಿಯಾನೆಗಳೇ. ಉದ್ಯಮ 40ನ್ನು ಬಿಟ್ಟು 25ರ ಹಾದಿ ಹಿಡಿದದ್ದರಿಂದ ಮುಂದಕ್ಕೆ ಅದು ಬೆಳೆಯುವ ಮರವೂ ಅಲ್ಲ. ನಾಳೆಯ ಯೋಚನೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಹಾದಿ ಕನೆಕ್ಟ್‌ಎಕ್ಸ್ 4 ಎಲ್‌ಎಕ್ಸ್ ಕಾರ್ಡು, ಅದರಲ್ಲೂ 25 ಗಿಗಾಬಿಟ್ಟಿನ ಎಸ್‌ಎಫ್‌ಪಿ 28 ಪೋರ್ಟಿನದು. ಹಳೆಯ ಕಾರ್ಡಿಗಿಂತ ಬೆಲೆ ಸ್ವಲ್ಪ ಮೇಲೆ. ಪೋರ್ಟಿನ ಅಳತೆ ಎಸ್‌ಎಫ್‌ಪಿ ಪ್ಲಸ್‌ನದೇ. ಇವತ್ತಿನ ಡ್ಯಾಕ್ ಕೇಬಲ್ಲು ಚುಚ್ಚಿದರೆ 10ರಲ್ಲಿ ಓಡುತ್ತದೆ. ಮುಂದೊಂದು ದಿನ ಫ್ಯಾನಿಲ್ಲದ 25 ಗಿಗಾಬಿಟ್ ಸ್ವಿಚ್ಚು ಇವತ್ತಿನ 10ರ ಬೆಲೆಗೆ ಇಳಿದಾಗ ಅದನ್ನೂ ನಾಲ್ಕು ಹೊಸ ಕೇಬಲ್ಲನ್ನೂ ತಂದರೆ ಮುಗಿಯಿತು, ಸರ್ವರಿನ ಮುಚ್ಚಳ ತೆಗೆಯಬೇಕಾಗಿಲ್ಲ.